ಕನ್‌ಸ್ಟ್ರಕ್ಟರೂ ನನ್ನ ಪೀಣ್ಯವೂ

ಅರ್ಥವಾಗದಿದ್ದರೆ ಏನೇನು ನಷ್ಟ ಎಂದು ಚಿಕ್ಕಂದಿನಿಂದ ಎಲ್ಲರೂ ನಮಗೆ ಹೇಳುತ್ತಲೇ ಬಂದಿದ್ದಾರೆ. ಅರ್ಥವಾದರೆ ಆಗುವ ನಷ್ಟದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಶಾಲೆಯಲ್ಲಿ ಲೆಕ್ಕ ಅರ್ಥವಾದವನನ್ನು ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಇನ್ನಷ್ಟು ಲೆಕ್ಕ ಮಾಡಿಸುತ್ತಿದ್ದರು. ಅರ್ಥವಾಗದವನು ಕಿಟಕಿಯ ಪಕ್ಕ ಕುಳಿತು, ಹೊರಗೆ ಎಮ್ಮೆ ಮೇಯುವುದನ್ನು ನೋಡುತ್ತ ತಂಪಾಗಿರುತ್ತಿದ್ದ. ಇಬ್ಬರಲ್ಲಿ ಸುಖಿ ಯಾರು ಎಂಬುದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆದದ್ದು ಐವತ್ತರ ಹತ್ತಿರ ಬಂದಮೇಲೆ, ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ, ಕನ್‌ಸ್ಟ್ರಕ್ಟರ್ ಎಂಬ ಪ್ರಾಣಿಯ ಎದುರು. ಕಂಪ್ಯೂಟರ್ ಭಾಷೆ ಬಾರದ ಓದುಗರು ಹೆದರಿ ಪುಟ ತಿರುಗಿಸಬೇಡಿ. ನನಗೂ ಬರುತ್ತಿರಲಿಲ್ಲ. ಬಾರದಿದ್ದಾಗಲೇ ಚೆನ್ನಾಗಿದ್ದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಪೀಣ್ಯದವನು. ಅಲ್ಲಿ ಹುಟ್ಟಿದವನೇನಲ್ಲ; ಡಿಪ್ಲೊಮಾ ಮುಗಿಸಿ, ಮೀಸೆ ಇನ್ನೂ ನೆಟ್ಟಗೆ ಬಾರದ ಕಾಲದಲ್ಲಿ ಅಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನು ತಯಾರಿಸುವ ಒಂದು ಕಾರ್ಖಾನೆಯ ಗೇಟು ಹೊಕ್ಕವನು ತಲೆ ನರೆಯುವವರೆಗೆ ಹೊರಗೆ ಬರಲಿಲ್ಲ. ತಯಾರಾದ ಮಷೀನನ್ನು ಗಿರಾಕಿಗೆ ಕಳಿಸುವ ಮುಂಚೆ ಓಡಿಸಿ ನೋಡಿ, ಅದು ಎಲ್ಲೆಲ್ಲಿ ಕೈ ಕೊಡಬಹುದು ಎಂದು ಊಹಿಸುವುದು ನನ್ನ ಕೆಲಸ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬರುವ ನನ್ನಂಥವನಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಆತಂಕಪಡುವುದಕ್ಕೆ ಸಂಬಳ ಕೊಡುವವರು ಈ ಲೋಕದಲ್ಲಿ ಎಷ್ಟು ಜನ ಸಿಕ್ಕಾರು? ಪಕ್ಕದ ವೈರಿಂಗ್ ವಿಭಾಗದಲ್ಲಿ ಶಿವಪುತ್ರ. ಗದಗದ ಕಡೆಯವನು, ನಾನು ಸೇರಿದ ವರ್ಷವೇ ಸೇರಿದವನು, ರಾಜಗೋಪಾಲನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಇಷ್ಟು ವರ್ಷ ಇಲ್ಲಿದ್ದರೂ ಅವನ ಮಾತಿಗೆ ಬೆಂಗಳೂರಿನ ಗಾಳಿ ಸೋಕಿಲ್ಲ. ನಾನು ಒಂದೇ ಮಷೀನನ್ನು ಮತ್ತೆ ಮತ್ತೆ ಪರೀಕ್ಷಿಸುವುದನ್ನು ಕಂಡರೆ, "ಅದು ಲೇತ್ ಐತಿ ಮಾರಾಯಾ, ನಿನ್ನ ಅಳಿಯ ಅಲ್ಲ. ಬಿಡು ಅದನ್ನ, ಹೋಗ್ಲಿ" ಅನ್ನುತ್ತಿದ್ದ.

ಹೀಗಿರುವಾಗ ನಮ್ಮ ಕಂಪನಿಗೆ ಒಂದು ಹೊಸ ಆಸೆ ಹುಟ್ಟಿತು. ಕಂಪ್ಯೂಟರಿನೊಳಗೇ ಒಂದು ಲೇತ್ ಕಟ್ಟಬೇಕು. ಮಷೀನು ಕೊಂಡವರ ಕೆಲಸಗಾರರು ಮೊದಲು ಅದರ ಮೇಲೆ ಕಲಿಯಬೇಕು. ಎಷ್ಟು ಸಲ ಗುದ್ದಿಸಿದರೂ ಕಡೆಯುವ ಟೂಲು ಮುರಿಯಬಾರದು. ಇದಕ್ಕಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜಾಗ ಹಿಡಿದರು. ಪ್ರೋಗ್ರಾಂ ಬರೆಯುವವರಿಗೆ ಮಷೀನು ಗೊತ್ತಿಲ್ಲ, ಮಷೀನು ಗೊತ್ತಿರುವವರಿಗೆ ಪ್ರೋಗ್ರಾಂ ಬಾರದು ಎಂದು ಪೀಣ್ಯದಿಂದ ನಮ್ಮಲ್ಲಿ ಕೆಲವರನ್ನು ಹೆಕ್ಕಿ ತರಬೇತಿಗೆ ಹಾಕಿದರು. ಹೆಕ್ಕಿದವರಲ್ಲಿ ನಾನೂ ಇದ್ದೆ, ಶಿವಪುತ್ರನೂ ಇದ್ದ. ಹೊಸ ವಿಭಾಗದ ಮ್ಯಾನೇಜರ್ ಮೊದಲ ದಿನವೇ ಹೇಳಿದರು: "ನೋಡಿ ಸಾರ್, ಯಾರೂ ಟೆನ್ಶನ್ ಮಾಡ್ಕೋಬೇಡಿ. ಕೊನೇಲಿ ಒಂದು ರಿವ್ಯೂ ಇರತ್ತೆ. ಹಿಡಿತ ಸಿಕ್ಕಿದೋರು ಇಲ್ಲೇ ಇರ್ತೀರಿ. ಸಿಗದೇ ಇರೋರು ಬೇಜಾರ್ ಮಾಡ್ಕೋಬೇಡಿ, ಪೀಣ್ಯದಲ್ಲಿ ನಿಮ್ಮ ಜಾಗ ಹಂಗೇ ಇರತ್ತೆ. ಸಂಬಳ ಎಲ್ಲಾ ಅದೇ." ಟೆನ್ಶನ್ ಬೇಡ ಎಂದು ಯಾರಾದರೂ ಹೇಳಿದ ಕೂಡಲೇ ನನಗೆ ಟೆನ್ಶನ್ ಶುರುವಾಗುತ್ತದೆ. ಅಂದು ಮಾತ್ರ "ನಿಮ್ಮ ಜಾಗ ಹಂಗೇ ಇರತ್ತೆ" ಎಂಬುದೊಂದೇ ಕಿವಿಯಲ್ಲಿ ಉಳಿಯಿತು.

ಊರು ಬಿಟ್ಟು ಬಂದವರು ಊರಿಗಾಗಿ ಹಂಬಲಿಸುವುದನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಕೈಗಾರಿಕಾ ಪ್ರದೇಶಕ್ಕಾಗಿ ಹಂಬಲಿಸಿದವನು ಬಹುಶಃ ನಾನೊಬ್ಬನೇ. ಬಿಸಿ ಕಬ್ಬಿಣದ ಮೇಲೆ ತಂಪು ಮಾಡುವ ಕೂಲಂಟ್ ಬಿದ್ದಾಗ ಏಳುವ ಆ ವಾಸನೆ. ಬೂಟಿನ ಅಡಿಗೆ ಚುಚ್ಚಿಕೊಂಡು ನನ್ನ ಜೊತೆ ಮನೆವರೆಗೂ ಬರುತ್ತಿದ್ದ ಸುರುಳಿ ಸುರುಳಿ ಕಬ್ಬಿಣದ ಚೂರು. ಊಟದ ಸೈರನ್ ಕೂಗಿದಾಗ ಒಂದಾದ ಮೇಲೊಂದು ಮಷೀನು ನಿಲ್ಲುತ್ತ ಬಂದು, ಕೊನೆಗೆ ತಗಡಿನ ಸೂರಿನ ಮೇಲೆ ಪಾರಿವಾಳ ನಡೆಯುವ ಸದ್ದು ಕೇಳಿಸುವ ಆ ಗಳಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಬಾಗಿಲಿಗೆ ಕಾರ್ಡು ತೋರಿಸಿದರೆ 'ಟಿಕ್' ಎನ್ನುತ್ತದೆ. ದಿನವಿಡೀ ಆ ಕಟ್ಟಡ ನನ್ನ ಜೊತೆ ಆಡುವ ಮಾತು ಅಷ್ಟೇ. ಮಷೀನುಗಳ ನಡುವೆ ಬೆಳೆದ ನನ್ನ ಗಂಟಲು ಅಲ್ಲಿ "ಪೆನ್ ಇದೆಯಾ" ಎಂದು ಕೇಳಿದರೆ ಸಾಲಿಗೆ ಸಾಲೇ ಕಿವಿಯ ಹೆಡ್‌ಫೋನ್ ತೆಗೆದು ನನ್ನ ಕಡೆ ತಿರುಗುತ್ತದೆ. ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ ಸುಮಿತ್ರ ಸೌಟು ಹಿಡಿದೇ ಹೊರಗೆ ಬಂದಳು. "ಅಲ್ಲಿದ್ದಾಗ ಧೂಳು ಧೂಳು ಅಂತ ತಲೆ ತಿಂತಿದ್ರಿ. ಈಗ ಎಸೀಲಿ ಕೂತ್ಕೊಂಡು ಧೂಳಿಲ್ಲ ಅಂತ ತಲೆ ತಿಂತೀರ. ನನ್ನ ತಲೆ ಬಿಟ್ಟು ಬೇರೆ ಏನಾದ್ರೂ ತಿನ್ನೋ ಅಭ್ಯಾಸ ಇದೆಯಾ ನಿಮಗೆ? ಚಪಾತಿ ಆರೋಗ್ತಿದೆ, ಬನ್ನಿ."

ನಮಗೆ ಕಲಿಸಲು ಬಂದವರು ಮೇಘನಾ ಮೇಡಂ. ವಯಸ್ಸಿನಲ್ಲಿ ನನ್ನ ಮಗಳ ಓರಗೆ, ತಾಳ್ಮೆಯಲ್ಲಿ ನನ್ನ ಅಜ್ಜಿಯ ಓರಗೆ. ಕ್ಲಾಸ್ ಎಂದರೆ ಡ್ರಾಯಿಂಗ್ ಇದ್ದ ಹಾಗೆ, ಆಬ್ಜೆಕ್ಟ್ ಎಂದರೆ ಆ ಡ್ರಾಯಿಂಗ್ ನೋಡಿ ಲೇತಿನಲ್ಲಿ ಕಡೆದ ತುಂಡು ಅಥವಾ ಜಾಬು, ಕನ್‌ಸ್ಟ್ರಕ್ಟರ್ ಎಂದರೆ ಜಾಬು ತಯಾರಾಗುವ ಗಳಿಗೆಯಲ್ಲಿ ತಾನಾಗಿ ನಡೆಯುವ ಕೆಲಸ ಎಂದು ನಮ್ಮ ಭಾಷೆಯಲ್ಲೇ ಹೇಳಿದರು. ಇಲ್ಲಿಯವರೆಗೆ ಸರಿ. ಗೋಳು ಶುರುವಾದದ್ದು ಕೋಲನ್ನಿನಿಂದ, ಒಂದರ ಮೇಲೊಂದು ಕೂತ ಆ ಎರಡು ಚುಕ್ಕಿಗಳಿಂದ. ಕನ್‌ಸ್ಟ್ರಕ್ಟರಿಗೆ ಎರಡು ಫ್ಲವರ್ ಬ್ರಾಕೆಟ್‌ಗಳ ನಡುವೆ ಒಂದು ಮೈ ಇರುತ್ತದೆ. ವೇಗ ಇಷ್ಟು, ವ್ಯಾಸ ಇಷ್ಟು ಎಂದು ಅದರೊಳಗೆ ಬರೆದುಬಿಟ್ಟರೆ ಕೆಲಸ ಮುಗಿಯಬೇಕಲ್ಲ? ಮುಗಿಯುವುದಿಲ್ಲವಂತೆ. ಬ್ರಾಕೆಟ್ ತೆರೆಯುವ ಮೊದಲೇ, ಹೊಸ್ತಿಲಿನ ಈಚೆಗೇ, ಒಂದು ಕೋಲನ್ ಹಾಕಿ, ಒಂದೊಂದರ ಹೆಸರು, ಹೆಸರಿನ ಪಕ್ಕ ಕಂಸದೊಳಗೆ ಅದರ ಬೆಲೆ, ನಡುನಡುವೆ ಕಾಮಾ, ಹೀಗೆ ಒಂದು ಪಟ್ಟಿ ಬರೆಯಬೇಕಂತೆ.

"ಒಳಗಡೆ ಬರೆದ್ರೂ ಅದೇ ಬೆಲೆ ತಾನೇ ಮೇಡಂ?" ಎಂದೆ.

"ಬೆಲೆ ಅದೇ ಸಾರ್. ಆದ್ರೆ ಒಳಗಡೆ ಬರೆಯೋದು ಅಂದ್ರೆ ಹುಟ್ಟಿದ ಮೇಲೆ ಬದಲಾಯಿಸಿದ ಹಾಗೆ. ಕೋಲನ್ ಪಕ್ಕ ಬರೆಯೋದು ಅಂದ್ರೆ ಹುಟ್ಟೋವಾಗ್ಲೇ ಕೊಟ್ಟ ಹಾಗೆ."

"ಯಾವಾಗ ಕೊಟ್ರೇನು ಮೇಡಂ? ಕೊಟ್ವಲ್ಲ!"

ಅವರು ನಕ್ಕು ನನ್ನ ಪರದೆಯ ಕಡೆ ಬಗ್ಗಿದರು. "ನೀವು ಈ ವೇಗದ ಮಿತಿಗೆ ಕಾನ್ಸ್ಟ್ ಅಂತ ಹಾಕಿದೀರ ಸಾರ್. ಅಂದ್ರೆ ಇದನ್ನ ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ ಅಂತ ನೀವೇ ಹೇಳಿದ್ದು. ಈಗ ನೀವೇ ಒಳಗೆ ಬಂದು ಮುಟ್ತಿದೀರ. ಕಂಪೈಲರ್ ಬಿಡತ್ತಾ?" ಕಂಪೈಲರ್ ಎಂದರೆ ನಾವು ಬರೆದದ್ದನ್ನು ಓದಿ ಕಂಪ್ಯೂಟರಿಗೆ ತಿಳಿಯುವಂತೆ ಮಾಡಿ ಕೊಡುವ ದುಭಾಷಿ, ತಪ್ಪು ಕಂಡರೆ ಕೆಂಪಕ್ಷರದಲ್ಲಿ ಗದರುತ್ತದೆ. ಬಿಡಲಿಲ್ಲ. ನನ್ನ ಪರದೆ ಕುಂಕುಮ ಚೆಲ್ಲಿದ ಹಾಗಿತ್ತು. ಹೋಗುವಾಗ ಮೇಡಂ ಇನ್ನೊಂದು ಮಾತು ಸೇರಿಸಿದರು: ಕೋಲನ್ ಪಕ್ಕದ ಪಟ್ಟಿಯನ್ನು ನಾವು ಯಾವ ಕ್ರಮದಲ್ಲಿ ಬರೆದರೂ ಅದು ಲೆಕ್ಕಕ್ಕಿಲ್ಲ, ಕ್ಲಾಸಿನಲ್ಲಿ ಯಾವುದರ ಹೆಸರು ಮೊದಲು ಬಂದಿದೆಯೋ ಅದೇ ಮೊದಲು ಹುಟ್ಟುತ್ತದೆ. ಇದೆಂಥ ಅನ್ಯಾಯ ಎಂದುಕೊಂಡು ಅದನ್ನು ಅಲ್ಲೇ ಮರೆತೆ. ಮರೆತೆ ಎಂದುಕೊಂಡೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಶಿವಪುತ್ರ ತಟ್ಟೆ ಹಿಡಿದು ನನ್ನೆದುರು ಕುಳಿತ. "ನಿನಗೇನರ ತಿಳೀತೇನು?"

"ಒಂದು ಅಕ್ಷರನೂ ಇಲ್ಲ ಕಣೋ."

"ಛಲೋ ಆತು. ಹಂಗ ಇರು."

"ಅಂದ್ರೆ?"

"ಅಂದ್ರೇನು? ತಿಳೀಲಿಲ್ಲ ಅಂದ್ರ ಪೀಣ್ಯಾ. ತಿಳೀತು ಅಂದ್ರ ಇಲ್ಲೇ, ಈ ಫ್ರಿಜ್ಜಿನ್ಯಾಗ ಬದನಿಕಾಯಿ ಆಗಿ ಕುಂದರೂದು. ನಾವೇನೂ ಮಾಡೂದು ಬ್ಯಾಡ. ರಿವ್ಯೂ ದಿವಸ ಬಾಯಿ ಮುಚ್ಕೊಂಡು ಕುಂತ್ರ ಸಾಕು, ಅವರ ಕಳಸ್ತಾರ."

ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಇಡೀ ಆಯುಷ್ಯ ಫೇಲಾಗುತ್ತೇನೆ ಎಂಬ ಭಯದಲ್ಲೇ ಬದುಕಿದವನು ನಾನು. ಫೇಲಾಗುವುದರಲ್ಲೇ ಬಿಡುಗಡೆ ಇದೆ ಎಂದು ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಇಬ್ಬರೂ ಮಜ್ಜಿಗೆ ಲೋಟ ತಾಗಿಸಿ ಒಪ್ಪಂದ ಮಾಡಿಕೊಂಡೆವು. ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಸುಮಿತ್ರ ಮೊದಲು ಸಮಾಧಾನಪಟ್ಟಳು. ಇನ್ನು ನಾನು ನಿಶ್ಚಿಂತೆಯಾಗಿರುತ್ತೇನೆ ಎಂದುಕೊಂಡಳು, ಪಾಪ. ಊಟಕ್ಕೆ ಕುಳಿತಾಗ ನಾನು, "ಅಕಸ್ಮಾತ್ ಅರ್ಥ ಆಗ್ಬಿಟ್ರೆ ಏನೇ ಮಾಡೋದು?" ಎಂದೆ. ಅವಳು ಹಣೆ ಚಚ್ಚಿಕೊಂಡಳು. "ಫೇಲಾಗ್ತೀನಿ ಅಂತ ಹೆದರೋರನ್ನ ನೋಡಿದೀನಿ. ಪಾಸಾಗ್ತೀನಿ ಅಂತ ಹೆದರೋ ಗಂಡ ನನಗೇ ಸಿಗಬೇಕಿತ್ತಾ?"

ಆದರೆ ನನ್ನ ಭಯ ಸುಳ್ಳಾಗಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ರಾಜಗೋಪಾಲನಗರಕ್ಕೆ ಬರುವುದೆಂದರೆ ಬೆಂಗಳೂರಿನ ಒಂದು ತುದಿಯಿಂದ ಇನ್ನೊಂದು ತುದಿ. ಕಂಪನಿ ಬಸ್ಸಿನಲ್ಲಿ ಕುಳಿತು ಯೋಚಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ, ಮತ್ತು ಯೋಚನೆ ನಾನು ಹೇಳಿದ ಕಡೆ ಹೋಗುವ ಪೈಕಿ ಅಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದಾಗ, ನಾವು ಈಗಿನ ಬಾಡಿಗೆ ಮನೆಗೆ ಬಂದ ಬೆಳಿಗ್ಗೆ ನೆನಪಾಯಿತು. ಲಾರಿ ಬಾಗಿಲಿಗೆ ಬಂದು ನಿಂತಿದೆ. ಮನೆ ಮಾಲೀಕರ ತಾಯಿ, ಪೀಣ್ಯದ ಸುತ್ತ ಹೊಲವಿದ್ದಾಗ ಅಲ್ಲಿ ರಾಗಿ ಬಿತ್ತಿದವರು, ಹೊಸ್ತಿಲಿಗೆ ಅಡ್ಡ ನಿಂತು, "ಆಲು ಉಕ್ಕೋ ಗಂಟ ಒಂದು ಸೂಜಿನೂ ಒಳಕ್ ತರ್ಬ್ಯಾಡ್ರಪ್ಪ. ಆಮ್ಯಾಕೆ ಏನ್ ಬೇಕಾದ್ರೂ ತುಂಬ್ಕಳಿ" ಎಂದುಬಿಟ್ಟರು. ಹಾಲು ಉಕ್ಕಿಸಲು ಸ್ಟೌ ಬೇಕು. ಸ್ಟೌ ಲಾರಿಯ ತಳದಲ್ಲಿದೆ. ಅದರ ಮೇಲೆ ಮಂಚ, ಬೀರು, ಸುಮಿತ್ರಳ ತವರಿನ ಒರಳುಕಲ್ಲು. ಲಾರಿಯವನು ಹಾರನ್ ಒತ್ತುತ್ತಿದ್ದಾನೆ. ನಾನು, "ಅಜ್ಜಿ, ಮಂಚ ಒಂದು ಒಳಗಿಟ್ಬಿಡ್ತೀವಿ, ಆಮೇಲೆ ಉಕ್ಕಿಸೋಣ" ಎಂದರೆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಂಚ ಬಂದ್ಮ್ಯಾಕೆ ಉಕ್ಸಿದ್ರೆ ಅದು ಕಾಪಿಗೆ ಕಾಯ್ಸಿದ್ ಆಲು ಕಣಪ್ಪ" ಎಂದರು. ಕೊನೆಗೆ ತಮ್ಮ ಮನೆಯ ಸ್ಟೌ ತಾವೇ ತಂದುಕೊಟ್ಟರು. ಹಾಲು ಉಕ್ಕಿತು. ಮಂಚ ಒಳಗೆ ಹೋಯಿತು.

ಸಿಗ್ನಲ್ ಹಸಿರಾಯಿತು. ಅದೇ ಹಾಲು, ಅದೇ ಸ್ಟೌ. ಮೊದಲು ಉಕ್ಕಿದರೆ ಒಂದು, ಆಮೇಲೆ ಉಕ್ಕಿದರೆ ಇನ್ನೊಂದು. ಸಾಮಾನು ಹೊಸ್ತಿಲು ದಾಟುವ ಮುಂಚೆ ಆಗಬೇಕಾದದ್ದು ಕೋಲನ್ ಪಕ್ಕ. ಮಂಚ, ಬೀರು ಎಲ್ಲ ಫ್ಲವರ್ ಬ್ರಾಕೆಟ್ಟಿನ ಒಳಗೆ. ಅರ್ಥವಾಗಿಬಿಟ್ಟಿತ್ತು! ಗಾಬರಿಯಿಂದ ಕಿಟಕಿಯಾಚೆಯ ಬೋರ್ಡುಗಳನ್ನು ಒಂದೊಂದಾಗಿ ಓದತೊಡಗಿದೆ, ಹಾಗಾದರೂ ಅದು ತಲೆಯಿಂದ ಜಾರಲಿ ಎಂದು. ಜಾರಲಿಲ್ಲ. ಅಂದಿನಿಂದ ಕಂಡಕಂಡದ್ದಕ್ಕೆಲ್ಲ ಕೋಲನ್ ಹಚ್ಚುವ ಚಾಳಿ ಅಂಟಿಕೊಂಡಿತು. ನನ್ನನ್ನು ತಯಾರಿಸುವಾಗ ಕೋಲನ್ ಪಕ್ಕ ಆತಂಕ ಎಂದು ಬರೆದು ಕಾನ್ಸ್ಟ್ ಹಾಕಿರಬೇಕು. ಸುಮಿತ್ರ ಮದುವೆಯಾದಾಗಿನಿಂದ ಫ್ಲವರ್ ಬ್ರಾಕೆಟ್ಟಿನೊಳಗೆ ನಿಂತು ಅದನ್ನು ಬದಲಾಯಿಸಲು ನೋಡುತ್ತಿದ್ದಾಳೆ, ಕೆಂಪಕ್ಷರವೇ ಗತಿ. ಪೀಣ್ಯ ನನಗೆ ಹುಟ್ಟುವಾಗ ಕೊಟ್ಟದ್ದಲ್ಲ, ಎಲ್ಲ ಆದ ಮೇಲೆ ಬಂದು ಸೇರಿಕೊಂಡದ್ದು. ನಿಯಮದ ಪ್ರಕಾರ ಅದನ್ನು ಅಳಿಸಿ ಎಲೆಕ್ಟ್ರಾನಿಕ್ ಸಿಟಿ ಎಂದು ಬರೆಯಲು ಯಾವ ಅಡ್ಡಿಯೂ ಇರಬಾರದು. ಬರೆಯಲು ಹೋದರೆ ಮಾತ್ರ ಒಳಗೆ ಯಾರೋ ಗದರುತ್ತಾರೆ.

ಅರ್ಥವಾದದ್ದನ್ನು ಶಿವಪುತ್ರನಿಗೆ ಹೇಳಲಿಲ್ಲ. ರಿವ್ಯೂ ಹತ್ತಿರವಾದಂತೆ ನಾನು ತಪ್ಪು ಬರೆಯುವುದನ್ನು ಅಭ್ಯಾಸ ಮಾಡಿದೆ. ಅದು ಸುಲಭವಲ್ಲ, ಸರಿ ಯಾವುದು ಎಂದು ಗೊತ್ತಾದ ಮೇಲೆ ಬೇಕೆಂದೇ ತಪ್ಪು ಬರೆಯಲು ಹೋದರೆ ಕೈ ಕೇಳುವುದಿಲ್ಲ. ಆದರೂ ಮನಸ್ಸಿನಲ್ಲಿ ಪೀಣ್ಯದ ಗೇಟು ದಿನೇ ದಿನೇ ಹತ್ತಿರವಾಗುತ್ತಿತ್ತು. ಅಲ್ಲಿನ ನನ್ನ ಬೀರುವಿನಲ್ಲಿ ಬಿಟ್ಟುಬಂದ ಎಣ್ಣೆ ಬಟ್ಟೆ ಹಾಗೇ ಇದೆಯೋ, ಯಾರಾದರೂ ಒಗೆದುಬಿಟ್ಟರೋ ಎಂಬ ಯೋಚನೆಯಿಂದ ಒಮ್ಮೊಮ್ಮೆ ಊಟ ರುಚಿಸುತ್ತಿರಲಿಲ್ಲ.

ರಿವ್ಯೂ ದಿನ ಮ್ಯಾನೇಜರ್ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಮೇಘನಾ ಮೇಡಂ ಗೋಡೆಯ ಮೇಲೆ ಒಂದು ಪ್ರೋಗ್ರಾಂ ತೋರಿಸಿದರು. ಲೇತಿನದ್ದೇ. ಕ್ಲಾಸಿನಲ್ಲಿ ಮೊದಲು ವೇಗ, ಅದರ ಕೆಳಗೆ ವ್ಯಾಸ ಎಂದು ಹೆಸರಿಸಿದ್ದರು. ಕೋಲನ್ ಪಕ್ಕದ ಪಟ್ಟಿಯಲ್ಲಿ ಮಾತ್ರ ಮೊದಲು ವ್ಯಾಸಕ್ಕೆ ಬೆಲೆ, ಆಮೇಲೆ ಆ ವ್ಯಾಸದಿಂದ ಲೆಕ್ಕ ಹಾಕಿ ವೇಗ. ನೋಡಲು ಎಲ್ಲ ಅಚ್ಚುಕಟ್ಟಾಗಿತ್ತು. ಓಡಿಸಿದರು. ವೇಗದ ಜಾಗದಲ್ಲಿ ಬಂದ ಸಂಖ್ಯೆ ಗೋಡೆಯ ಅರ್ಧ ಅಗಲ ಇತ್ತು. "ವ್ಯಾಸ ಸರಿಯಾಗೇ ಕೊಟ್ಟಿದೀವಿ, ಲೆಕ್ಕನೂ ಸರಿ ಇದೆ. ಮತ್ತೆ ಸ್ಪಿಂಡಲ್ ಯಾಕೆ ಹೀಗೆ ಓಡ್ತಿದೆ? ಯಾರಾದ್ರೂ ಹೇಳ್ತೀರಾ?" ಎಂದರು.

ಶಿವಪುತ್ರ ಫ್ಯಾನೇ ಇಲ್ಲದ ಸೂರಿನಲ್ಲಿ ಫ್ಯಾನು ಹುಡುಕುತ್ತಿದ್ದ. ನಾನೂ ಟೇಬಲ್ಲು ನೋಡುತ್ತ ಕುಳಿತೆ. ಇನ್ನೊಂದು ನಿಮಿಷ ಹೀಗೇ ಕಳೆದರೆ ಪೀಣ್ಯ. ಆಗ ನನಗೆ ಆ ಸದ್ದು ಕೇಳಿಸಿತು.

ಆ ಸದ್ದಿನ ವಿಷಯ ಹೇಳಬೇಕು. ಲೇತಿನಲ್ಲಿ ಚಕ್ ಎಂಬ ಹಿಡಿಕೆ ಜಾಬನ್ನು ಕಚ್ಚಿ ಹಿಡಿಯುತ್ತದೆ, ಸ್ಪಿಂಡಲ್ ಎಂಬ ದಂಡ ಅದನ್ನು ತಿರುಗಿಸುತ್ತದೆ. ಲೇತಿನಲ್ಲಿ ಜಾಬಿನ ವ್ಯಾಸ ಕಡಿಮೆಯಾದಷ್ಟೂ ತಿರುಗುವ ವೇಗ ಹೆಚ್ಚಲಿ ಎಂದು ಮಷೀನಿಗೆ ಹೇಳುವುದುಂಟು. ಹಾಗೆ ಹೇಳುವ ಮೊದಲು, ಇದಕ್ಕಿಂತ ಮೇಲೆ ಹೋಗಬೇಡ ಎಂದು ಮಿತಿಯ ಸಾಲನ್ನು ಕೊಟ್ಟಿರಬೇಕು. ಆ ಸಾಲು ಕೆಳಗೆ ಜಾರಿದರೆ ಕತೆ ಮುಗಿಯಿತು: ಟೂಲು ನಡುಮಧ್ಯಕ್ಕೆ ಸರಿದಂತೆ ವ್ಯಾಸ ಸೊನ್ನೆಯ ಕಡೆ ಇಳಿಯುತ್ತದೆ, ವೇಗ ಹುಚ್ಚೆದ್ದು ಏರುತ್ತದೆ. ಗುರುಗುಟ್ಟುವುದು ಕೂಗಾಗಿ, ಕೂಗು ಸೀಟಿಯಾಗಿ, ತಗಡಿನ ಸೂರು ನಡುಗತೊಡಗುತ್ತದೆ. ಪೀಣ್ಯದಲ್ಲಿ ಆ ಸದ್ದು ಕೇಳಿದರೆ ಯಾರೂ ತಲೆಯೆತ್ತಿ ಏನಾಯಿತು ಎಂದು ನೋಡುವುದಿಲ್ಲ. ಕೈ ತಾನಾಗಿ ಮಷೀನು ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಹೋಗಿರುತ್ತದೆ. ಗೋಡೆಯ ಮೇಲಿನ ಆ ಸಂಖ್ಯೆಯಿಂದ ನನಗೆ ಅದೇ ಸೀಟಿ ಕೇಳಿಸುತ್ತಿತ್ತು. ಆ ತಣ್ಣನೆಯ ಕೋಣೆಯಲ್ಲಿ, ಎಷ್ಟೋ ದಿನಗಳ ಮೇಲೆ, ಪೀಣ್ಯ ನನ್ನ ಹತ್ತಿರ ಬಂದು ನಿಂತಿತ್ತು. ನಾನು ಅಂಗೈಯಿಂದ ಟೇಬಲ್ಲಿಗೆ ಬಡಿದು ಎದ್ದು ನಿಂತೆ.

"ಪಟ್ಟೀಲಿ ನೀವು ಹೆಂಗ್ ಬರೆದ್ರೂ ಅದು ಕೇಳಲ್ಲ ಮೇಡಂ! ಮೇಲೆ ಕ್ಲಾಸಲ್ಲಿ ಯಾರ ಹೆಸರು ಮೊದಲಿದೆಯೋ ಅವರೇ ಮೊದಲು ಹುಟ್ಟೋದು. ವೇಗ ಮೊದಲು ಹುಟ್ಬಿಡ್ತು. ವ್ಯಾಸಕ್ಕೆ ಇನ್ನೂ ಬೆಲೆನೇ ಬಂದಿಲ್ಲ. ಅಲ್ಲಿ ಏನು ಕಸ ಬಿದ್ದಿತ್ತೋ ಅದನ್ನೇ ಹಿಡ್ಕೊಂಡು ಲೆಕ್ಕ ಹಾಕಿದೆ. ನಿಲ್ಸಿ ಮೇಡಂ ಅದನ್ನ, ಚಕ್ ಕಿತ್ಕೊಂಡು ಹೋಗತ್ತೆ!"

ಹಿಂದಿನ ಸಾಲಿನಿಂದ ಚಪ್ಪಾಳೆ. "ಸೂಪರ್ ಸಾರ್! ಇಂಥೋರೇ ಬೇಕಾಗಿತ್ತು ನಮಗೆ" ಎಂದು ಮ್ಯಾನೇಜರ್ ಬಂದು ಕೈ ಕುಲುಕಿದರು. ಸುಳ್ಳು ಹೇಳಬಾರದು, ಎದೆ ಉಬ್ಬಿತು. ಮೇಷ್ಟ್ರ ಬೋರ್ಡಿನ ಮುಂದೆ ನಿಂತ ಆ ಮಂಕುಬಡಿದ ಹೆಮ್ಮೆ ಇಷ್ಟು ವಯಸ್ಸಾದರೂ ಸತ್ತಿರಲಿಲ್ಲ. ಶಿವಪುತ್ರನ ಮುಖ ಕಂಡ ಮೇಲೆಯೇ ನಾನೇನು ಮಾಡಿಕೊಂಡೆ ಎಂದು ತಿಳಿದದ್ದು. ಹೊರಗೆ ಬಂದಾಗ ಅವನು ಗೋಡೆಗೆ ಒರಗಿ ನಿಂತಿದ್ದ. "ಎದ್ದು ನಿಲ್ಲಾಕ ಏನಾಗಿತ್ತೋ ನಿನಗ? ಚೇಳು ಕಡೀತೇನು?"

"ಸದ್ದು ಕೇಳಿಸ್ತು ಕಣೋ. ತಡ್ಕೊಳಕ್ಕೆ ಆಗ್ಲಿಲ್ಲ."

"ನನಗ ಕೇಳಿಸಲಿಲ್ಲೇನು? ನಾನೂ ಅಲ್ಲೇ ದುಡದಾಂವ. ತೊಡಿ ಚಿವುಟಿಕೊಂಡು ಕುಂತಿದ್ದೆ, ನೋಡಬೇಕೇನು?"

ಶಿವಪುತ್ರ ಪೀಣ್ಯಕ್ಕೆ ಹೋದ. ನಾನು ಮ್ಯಾನೇಜರ ಹತ್ತಿರ ಹೋಗಿ ಎಲೆಕ್ಟ್ರಾನಿಕ್ ಸಿಟಿ ನನಗೆ ದೂರವಾಗುತ್ತದೆ, ಸೊಂಟ ನೋವು, ಕಣ್ಣು ಮಂಜು ಎಂದೆಲ್ಲ ಹೇಳಿನೋಡಿದೆ. "ನಿಮ್ಮನ್ನ ಬಿಟ್ಟುಕೊಡೋ ಮಾತೇ ಇಲ್ಲ ಸಾರ್" ಎಂದು ಅವರು ಒಳ್ಳೆಯ ಕುರ್ಚಿ ಹಾಕಿಸಿಕೊಟ್ಟರು. ಈಗ ಅದರ ಮೇಲೆ ಕುಳಿತು ಕೋಲನ್ ಹಾಕುತ್ತಿದ್ದೇನೆ. ಚೆನ್ನಾಗಿ ಹಾಕುತ್ತೇನಂತೆ.

ಮೊನ್ನೆ ಟೀ ಹೊತ್ತಿಗೆ ಶಿವಪುತ್ರನಿಗೆ ಫೋನು ಮಾಡಿದೆ. ನನ್ನ ಜಾಗಕ್ಕೆ ಬೇರೆ ಯಾರೋ ಬಂದಿದ್ದಾರೆ, ಒಂದೇ ಸಲ ಪರೀಕ್ಷಿಸಿ ಕಳಿಸಿಬಿಡುತ್ತಾರೆ, ಯಾವ ಮಷೀನೂ ವಾಪಸು ಬಂದಿಲ್ಲ ಎಂದ. ಕೇಳಿ ಸಂಕಟವಾಯಿತು. ಅವನ ಮಾತಿನ ಹಿಂದೆ ಒಂದು ಸದ್ದು ಮೆಲ್ಲಗೆ ಗುರುಗುಟ್ಟಿ, ಏರಿ, ಕೂಗಾಯಿತು. "ಮಾತಾಡ್ಬೇಡ, ಫೋನು ಸ್ವಲ್ಪ ಆ ಕಡೆ ಹಿಡಿ" ಎಂದೆ. ಹಿಡಿದ. ಕಣ್ಣು ಮುಚ್ಚಿ ಕೇಳಿದೆ. ತಗಡಿನ ಸೂರು, ಎಣ್ಣೆಯ ವಾಸನೆ, ಕಾಲಡಿಯ ಕಬ್ಬಿಣದ ಸುರುಳಿ ಎಲ್ಲ ಆ ಸದ್ದಿನ ಬೆನ್ನಿಗೆ ಬಂದುಬಿಟ್ಟವು. ಸದ್ದು ನಿಂತಿತು. ಕರ್ತವ್ಯ ಬಿಡಲಾಗದೆ, "ಹೊಸ ಮಷೀನು ತಾನೇ? ಸ್ಪಿಂಡಲ್ ಬೇರಿಂಗ್ ಒಂಚೂರು ಒರಟಾಗಿದೆ. ಕಳಿಸೋಕೆ ಮುಂಚೆ ನೋಡ್ಸು" ಎಂದೆ.

"ಯಾವ ಸ್ಪಿಂಡಲ್ಲೋ ಹುಚ್ಚಪ್ಪಾ? ನಾ ಗೇಟಿನ ಹೊರಗ ಜ್ಯೂಸ್ ಅಂಗಡ್ಯಾಗ ನಿಂತೀನಿ. ಮಿಕ್ಸರ್ ಅದು. ಚಿಕ್ಕೂ ಜ್ಯೂಸ್ ಮಾಡಾಕತ್ತಾನ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಆಮೇಲೆ, "ಇನ್ನೊಂದು ಗ್ಲಾಸು ಹೇಳೋ" ಎಂದೆ.